ರಾಹೇಲಕ್ಕನ ಚೀಟಿ ಡಬ್ಬಿ

ನಮ್ಮ ಹಿರಿಯೂರಿನ ಕ್ರೈಸ್ತ ಸಭೆಯಲ್ಲಿ ದೇವರಿಗೆ ತಿಳಿಯದ ಸುದ್ದಿ ಒಂದೂ ಇರಲಿಲ್ಲ. ಭಾನುವಾರ ಬಂತೆಂದರೆ ನಾವೇ ಎದ್ದು ನಿಂತು ಅವನಿಗೆ ಎಲ್ಲವನ್ನೂ ವಿವರವಾಗಿ ತಿಳಿಸುತ್ತಿದ್ದೆವು. ಪ್ರಾರ್ಥನೆ ಮಾಡುವವರು "ಕರ್ತನೇ" ಎಂದರೆ ಸಾಕು, ಉಳಿದವರೆಲ್ಲ ಕಣ್ಣು ಮುಚ್ಚಿ ಕಿವಿ ತೆರೆಯುತ್ತಿದ್ದರು. ಯಾರ ಸೊಸೆ ತವರಿಗೆ ಹೋಗಿ ಮೂರು ತಿಂಗಳಾದರೂ ಬಂದಿಲ್ಲ, ಯಾರ ಗಂಡ ಹೆಂಡದಂಗಡಿಗೆ ಹಿಂಬಾಗಿಲಿನಿಂದ ಹೋಗುತ್ತಾನೆ, ಎಲ್ಲವೂ ಅಲ್ಲೇ ಗೊತ್ತಾಗುತ್ತಿತ್ತು. ಎಪ್ಪತ್ನಾಲ್ಕರಲ್ಲಿ ನಾನು ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದದ್ದನ್ನೂ ನಮ್ಮವ್ವ ಹೀಗೆಯೇ ದೇವರ ಮುಂದೆ ಇಟ್ಟಳು. "ಲೆಕ್ಕದಾಗೆ ಹನ್ನೊಂದು ಮಾರ್ಕು ತಗಂಡವ್ನೆ ಕರ್ತನೇ, ಬರೀ ಹನ್ನೊಂದು" ಎಂದು ಅವಳು ಗೋಳಾಡಿದಾಗ ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ದೇವರಿಗೆ ಮಾರ್ಕು ಗೊತ್ತಿರಲಿ, ಬೆಂಚಿಗೆ ಯಾಕೆ ಗೊತ್ತಾಗಬೇಕು? ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಆ ನಗು ರಾಹೇಲಕ್ಕನಿಗೂ ಕೇಳಿಸಿತ್ತು. ಅವರು ನಮ್ಮ ಯೌವನಸ್ಥರ ಕೂಟ ನಡೆಸುತ್ತಿದ್ದವರು. ಮುಂದಿನ ವಾರ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಮುಚ್ಚಳದಲ್ಲಿ ಉದ್ದಕ್ಕೆ ಒಂದು ಸೀಳು ಕೊರೆಸಿದ್ದರು. "ದೇವರಿಗೆ ಏನು ಹೇಳಬೇಕೋ ಇದ್ರಾಗೆ ಬರೆದು ಹಾಕ್ರಿ. ಹೆಸರು ಬರೀಬ್ಯಾಡ್ರಿ" ಎಂದರು. ಕೂಟ ಮುಗಿಯುವಾಗ ಒಬ್ಬೊಬ್ಬರು ಒಂದೊಂದು ಚೀಟಿ ಎತ್ತಿಕೊಳ್ಳಬೇಕು, ವಾರವಿಡೀ ಅದಕ್ಕಾಗಿ ಮನಸ್ಸಿನಲ್ಲೇ ಪ್ರಾರ್ಥಿಸಬೇಕು, ಮುಂದಿನ ಕೂಟದಲ್ಲಿ ಅದನ್ನು ಟೀ ಕಾಯಿಸುವ ಇದ್ದಿಲೊಲೆಗೆ ಹಾಕಬೇಕು. ಯಾರದು ಎಂದು ಊಹಿಸುವ ಹಾಗಿಲ್ಲ. ಊಹಿಸಿದರೂ ಬಾಯಿ ಬಿಡುವ ಹಾಗಿಲ್ಲ. ಅವರೂ ಪ್ರತಿ ವಾರ ನಮ್ಮ ಜೊತೆ ಒಂದು ಚೀಟಿ ಹಾಕಿ ಒಂದು ಎತ್ತಿಕೊಳ್ಳುತ್ತಿದ್ದರು.

ಬಾಯಿ ಬಿಡದಿರುವುದು ಅವರ ಉದ್ಯೋಗವೇ ಆಗಿತ್ತು. ರಾಹೇಲಕ್ಕ ಹಿರಿಯೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಆಗ ಊರಲ್ಲಿ ಫೋನಿದ್ದವರು ಬೆರಳೆಣಿಕೆ. ಉಳಿದವರು ಚಿತ್ರದುರ್ಗಕ್ಕೋ ಬೆಂಗಳೂರಿಗೋ ಮಾತಾಡಬೇಕೆಂದರೆ ಅಂಚೆ ಕಚೇರಿಗೆ ಬಂದು ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಯಾರ ಮಾತು ಯಾರಿಗೆ ಹೋದರೂ ಅದು ರಾಹೇಲಕ್ಕನ ಕಿವಿ ದಾಟಿಯೇ ಹೋಗಬೇಕು. ತೆಂಗಿನಕಾಯಿ ಮಂಡಿಯ ಮುರುಗೇಶಪ್ಪನವರು ಒಮ್ಮೆ ಒಂದು ಮೂಟೆ ಕಾಯಿ ಕಳಿಸಿ, "ಎದುರು ಮಂಡಿಯೋರಿಗೆ ತಿಪಟೂರಿಂದ ಏನು ರೇಟು ಹೇಳಿದ್ರು ಅಂತ ಒಂದ್ ಮಾತು ತಿಳಿಸ್ರಮ್ಮ" ಎಂದರಂತೆ. ಮೂಟೆ ಬಂದ ಗಾಡಿಯಲ್ಲೇ ವಾಪಸು ಹೋಯಿತು. ಅದಾದ ಮೇಲೆ ಮುರುಗೇಶಪ್ಪನವರೇ ಅವರನ್ನು ಕಂಡಾಗಲೆಲ್ಲ ಕೈ ಮುಗಿಯುತ್ತಿದ್ದರು.

ಅವರಪ್ಪ ಹೊಳಲ್ಕೆರೆ ಕಡೆ ಸಭೆಯ ಉಪದೇಶಿಯಾಗಿದ್ದವರು. ಮಗಳಿಗೆ ಕೊಟ್ಟು ಹೋದದ್ದು ಒಂದು ಹಾರ್ಮೋನಿಯಂ, ಒಂದು ಕಪ್ಪು ಕೊಡೆ. ಎಪ್ಪತ್ತೊಂದರಲ್ಲಿ ಕೂಟ ಶುರು ಮಾಡಿದಾಗ ರಾಹೇಲಕ್ಕನಿಗೆ ಮೂವತ್ತನಾಲ್ಕು. ಮದುವೆಯಾಗಿರಲಿಲ್ಲ. ಯಾಕೆ ಎಂದು ಸಭೆಯ ಹೆಂಗಸರು ದೇವರನ್ನು ಆಗಾಗ ಗಟ್ಟಿಯಾಗಿಯೇ ಕೇಳುತ್ತಿದ್ದರು. ಗಂಜಿ ಹಾಕಿದ ಹತ್ತಿ ಸೀರೆ, ಹೆಡ್‌ಫೋನಿನ ಪಟ್ಟಿ ಒತ್ತಿ ಒತ್ತಿ ನೆತ್ತಿಯ ಮೇಲೆ ಅಡ್ಡಕ್ಕೆ ಬಿದ್ದ ಒಂದು ಗೆರೆ. ಭಾನುವಾರ ಹೆಡ್‌ಫೋನ್ ಇಲ್ಲದಿದ್ದರೂ ಆ ಗೆರೆ ಹೋಗುತ್ತಿರಲಿಲ್ಲ.

ಕೂಟವನ್ನೂ ಅವರು ಎಕ್ಸ್‌ಚೇಂಜಿನ ಹಾಗೆಯೇ ನಡೆಸಿದರು. ಭಾನುವಾರ ನಾಲ್ಕು ಗಂಟೆ ಎಂದರೆ ನಾಲ್ಕೇ. ಒಂದು ಟ್ರಂಕ್ ಕಾಲಿಗೆ ಮೂರು ನಿಮಿಷ, ನಮ್ಮ ಭಾಷಣಕ್ಕೂ ಪ್ರಾರ್ಥನೆಗೂ ಅಷ್ಟೇ. "ಮೂರು ನಿಮಿಷ ಆತು" ಎಂದು ಅವರು ಬೆರಳಿನಿಂದ ಮೇಜು ಕುಟ್ಟಿದರೆ, ಪರಲೋಕದ ಬಾಗಿಲಲ್ಲಿ ನಿಂತಿದ್ದವನೂ ಆಮೆನ್ ಎಂದು ಕೂರಬೇಕು. ಹೆಚ್ಚಾಗಿ ಕೂರಬೇಕಾಗುತ್ತಿದ್ದವನು ನಾನೇ. ನನ್ನ ಬಾಯಿ ಹಾಗಿತ್ತು. ಮುಂದೆ ಮೂವತ್ತಾರು ವರ್ಷ ಬಸ್ಸಿನ ಕಂಡಕ್ಟರಾಗಿ ಅನ್ನ ತಿಂದದ್ದೂ ಆ ಬಾಯಿಯಿಂದಲೇ ಅನ್ನಿ.

ನಾವಿದ್ದದ್ದು ಹನ್ನೊಂದು ಜನ, ಏಳು ಹುಡುಗರು, ನಾಲ್ಕು ಹುಡುಗಿಯರು. ಆಸ್ಪತ್ರೆ ವಾರ್ಡ್‌ಬಾಯ್ ಮಕ್ಕಳು, ಮೇಷ್ಟ್ರ ಮಕ್ಕಳು, ರಸ್ತೆ ಗ್ಯಾಂಗಿನ ಮೇಸ್ತ್ರಿ ಮಗಳು. ಎಂಥ ದಿನಗಳವು! ಮಾರಿಕಣಿವೆಗೆ ಬುತ್ತಿ ಕಟ್ಟಿಕೊಂಡು ಹೋಗಿ ಅಣೆಕಟ್ಟೆಯ ಮೆಟ್ಟಿಲ ಮೇಲೆ ಹಾಡು ಕಲಿತದ್ದು, ಹೊಸದುರ್ಗದ ಸಭೆಯಲ್ಲಿ ಹಾಡಲು ಹೊರಟು ಬಸ್ಸು ಕೆಟ್ಟು ತೆಂಗಿನ ತೋಟದ ಬದುವಿನ ಮೇಲೆ ಹಾರ್ಮೋನಿಯಂ ಹೊತ್ತು ನಡೆದದ್ದು. ಒಂದು ಕ್ರಿಸ್ಮಸ್ ನಾಟಕಕ್ಕೆ ಕುರಿ ಕಾಯುವ ಚಿತ್ತಯ್ಯನವರು ಕಂಬಳಿಯ ಜೊತೆ ಒಂದು ನಿಜವಾದ ಮರಿಯನ್ನೂ ಕೊಟ್ಟರು. ಆ ಮರಿ ತಾಯನ್ನು ನೆನೆದು ಒಂದೇ ಸಮ ಅರಚತೊಡಗಿತು, ದೇವದೂತನ ಮಾತು ಯಾರಿಗೂ ಕೇಳಲಿಲ್ಲ. ಚಿತ್ತಯ್ಯನವರು ಜನರ ಮಧ್ಯದಿಂದ ಎದ್ದು ಬಂದು, "ಲೇ, ಮರಿ ಹಿಡ್ಕಳ್ಳೋದು ಹಿಂಗಲ್ಲ" ಎಂದು ನನ್ನ ಕೈಯಿಂದ ಕಸಿದುಕೊಂಡು, ನಾಟಕ ಮುಗಿಯುವವರೆಗೂ ಹಸುಳೆ ಯೇಸುವಿನ ಪಕ್ಕದಲ್ಲೇ ಕುಳಿತುಬಿಟ್ಟರು. ರಾಹೇಲಕ್ಕ ಅವತ್ತು ನಕ್ಕದ್ದು ನೋಡಬೇಕಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮೇಸ್ತ್ರಿ ಮಗಳು ಎಂದೆನಲ್ಲ, ಅವಳ ಹೆಸರು ಹನ್ನ. ಅವಳಪ್ಪ ಯೋನಪ್ಪ ಮೇಸ್ತ್ರಿ ಸಭೆಯ ಹಿರಿಯರಲ್ಲೊಬ್ಬರು. ರಸ್ತೆ ಕೂಲಿಯವರ ಮೇಲೆ ಕೂಗಿ ಕೂಗಿ ಅವರಿಗೆ ಮೆತ್ತಗೆ ಮಾತಾಡುವುದೇ ಮರೆತುಹೋಗಿತ್ತು. ಹನ್ನ ಮಾತ್ರ ಮಾತೇ ಆಡದ ಹುಡುಗಿ. ರಾಹೇಲಕ್ಕನ ಪಕ್ಕ ಕುಳಿತು ಹಾಡುಗಳನ್ನು ನಕಲು ಮಾಡಿ ಮಾಡಿ ಅವರದೇ ಥರ ದುಂಡಗಿನ ಅಕ್ಷರ ಕಲಿತಿದ್ದಳು. ನನಗೆ ಅವಳ ಮೇಲೆ ಮನಸ್ಸಿತ್ತು. ಈಗ ಹೇಳಲು ನಾಚಿಕೆಯೇನು? ಏಳು ಹುಡುಗರಲ್ಲಿ ಐವರಿಗಿತ್ತು.

ಎಪ್ಪತ್ತಾರರ ಫೆಬ್ರವರಿಯ ಒಂದು ಭಾನುವಾರ ನಾನು ಎತ್ತಿದ ಚೀಟಿಯಲ್ಲಿ ಹೀಗಿತ್ತು: "ನಮ್ಮಲ್ಲೊಬ್ಬ ಹುಡುಗಿಗೆ ನರ್ಸಿಂಗ್ ಓದುವ ಆಸೆ. ಮುಂದಿನ ಭಾನುವಾರ ಅವಳನ್ನು ನೋಡಲು ಗಂಡಿನವರು ಬರುತ್ತಾರೆ. ಅವಳ ತಂದೆಯ ಮನಸ್ಸು ಕರಗಲಿ." ದುಂಡಗಿನ ಅಕ್ಷರ. ಓದಿದೊಡನೆ ಇದು ಹನ್ನಳದೇ ಎಂದುಕೊಂಡೆ. ತನ್ನ ಮಾತನ್ನೇ ಬೇರೆಯವಳದು ಎಂಬಂತೆ ಬರೆದ ಅವಳ ಜಾಣತನಕ್ಕೆ ತಲೆದೂಗಿದೆ. ಚೀಟಿಯನ್ನು ಹಾಡಿನ ಪುಸ್ತಕದಲ್ಲಿಟ್ಟುಕೊಂಡು ಆ ವಾರವಿಡೀ ಪ್ರಾರ್ಥಿಸಿದೆ. ಜನ್ಮದಲ್ಲಿ ಅಷ್ಟು ಪ್ರಾರ್ಥಿಸಿರಲಿಲ್ಲ. ಲೆಕ್ಕಕ್ಕೂ ಅಷ್ಟು ಪ್ರಾರ್ಥಿಸಿದ್ದರೆ ಪಾಸಾಗಿರುತ್ತಿದ್ದೆ.

ಮುಂದಿನ ಭಾನುವಾರ ಬೆಳಗಿನ ಆರಾಧನೆಗೆ ಚಿತ್ರದುರ್ಗದಿಂದ ಗಂಡಿನವರು ಬಂದು ಮುಂದಿನ ಬೆಂಚಿನಲ್ಲಿ ಕುಳಿತರು. ಯೋನಪ್ಪನವರು ಇಸ್ತ್ರಿ ಕೋಟು ಹಾಕಿ ಅವರ ಪಕ್ಕ. ಅವತ್ತು ಯುವಜನರ ಭಾನುವಾರ. ಸಭಾಪಾಲಕರಾದ ಅಯ್ಯನವರು, "ಈಗ ನಮ್ಮ ದೇವದಾನ ಸಭೆಗಾಗಿ ಪ್ರಾರ್ಥಿಸುತ್ತಾನೆ" ಎಂದರು. ದೇವದಾನ ಎಂದರೆ ನಾನೇ, ಮನೆಯಲ್ಲಿ ದಾನ್ಯ.

ನಾನು ಎದ್ದೆ. ದೇಶಕ್ಕೆ, ಮಳೆಗೆ, ರೋಗಿಗಳಿಗೆ ಪ್ರಾರ್ಥಿಸಿದೆ. ಮುದುಕರು "ಹೌದು ಕರ್ತನೇ" ಎನ್ನತೊಡಗಿದರು. ನನಗೆ ಹುಮ್ಮಸ್ಸು ಬಂತು. ಅಲ್ಲಿ ಮೇಜು ಕುಟ್ಟುವವರಿರಲಿಲ್ಲ, ಮೂರು ನಿಮಿಷ ಯಾವಾಗ ಕಳೆಯಿತೋ. "ಕರ್ತನೇ, ನಮ್ಮ ಮಧ್ಯದಲ್ಲಿ ಒಬ್ಬ ಸಹೋದರಿ ಇದ್ದಾಳೆ" ಎಂದೆ. "ಅವಳ ಹೆಸರು ಹೇಳುವುದಿಲ್ಲ, ನಿನಗೆ ಗೊತ್ತು. ಅವಳಿಗೆ ಈ ಮದುವೆ ಬೇಡ, ನರ್ಸಿಂಗ್ ಓದಬೇಕು. ಇವತ್ತು ನೋಡಲು ಬಂದವರನ್ನು ಸುಖವಾಗಿ ಅವರ ಊರಿಗೆ ಮುಟ್ಟಿಸು. ಅವಳ ತಂದೆಯ ಕಲ್ಲಿನಂಥ ಮನಸ್ಸನ್ನು ಕರಗಿಸು." ಹೆಸರು ಹೇಳದ ಮೇಲೆ ಗುಟ್ಟು ಗುಟ್ಟಾಗಿಯೇ ಉಳಿಯಿತು ಎಂದು ನಾನು ನಿಜವಾಗಿಯೂ ನಂಬಿದ್ದೆ. ಅಂಥ ಮೂರ್ಖ ನಾನು. ಆಮೆನ್ ಎಂದು ಕಣ್ಣು ಬಿಟ್ಟರೆ ಇಡೀ ಸಭೆ ಕಣ್ಣು ಬಿಟ್ಟುಕೊಂಡು ಕುಳಿತಿತ್ತು. ಹನ್ನ ತಲೆ ತಗ್ಗಿಸಿದ್ದಳು. ರಾಹೇಲಕ್ಕನ ಮುಖ ಬಿಳಿಚಿಹೋಗಿತ್ತು.

ಗಂಡಿನವರು ಊಟಕ್ಕೂ ನಿಲ್ಲಲಿಲ್ಲ. ಅವರನ್ನು ದುರ್ಗದ ಬಸ್ಸಿಗೆ ಹತ್ತಿಸಿ ಬಂದ ಯೋನಪ್ಪನವರು ನೇರವಾಗಿ ವೆಸ್ಟ್ರಿಗೆ, ಅಂದರೆ ಅಯ್ಯನವರು ನಿಲುವಂಗಿ ಬದಲಿಸುವ ಪಕ್ಕದ ಕೋಣೆಗೆ, ಬಂದರು. ಅಲ್ಲಿ ಅಯ್ಯನವರು, ಇನ್ನಿಬ್ಬರು ಹಿರಿಯರು, ರಾಹೇಲಕ್ಕ ಮತ್ತು ನಾನು. ಮೇಜಿನ ಮೇಲೆ ಆ ತಗಡಿನ ಡಬ್ಬಿ. ಚೀಟಿಯಲ್ಲಿದ್ದದ್ದನ್ನೇ ಪ್ರಾರ್ಥಿಸಿದೆ ಎಂದು ನಾನು ಆಗಲೇ ಬಾಯಿ ಬಿಟ್ಟಿದ್ದೆ.

"ನನ್ನ ಮಗಳು ಬರೆದಿದ್ದೋ ಅಲ್ವೋ, ಅಷ್ಟು ಹೇಳ್ರಿ" ಎಂದು ಯೋನಪ್ಪನವರು ಗುಡುಗಿದರು. "ಅವಳೇ ಬರೆದಿದ್ರೆ ನಾಳೆಯಿಂದ ಇಸ್ಕೂಲೂ ಇಲ್ಲ, ಕೂಟಾನೂ ಇಲ್ಲ. ಈಸ್ಟರ್ ಒಳಗೆ ಯಾರಿಗಾದ್ರೂ ಕಟ್ಟಿ ಕಳಿಸ್ತೀನಿ."

"ಹನ್ನ ಬರೆದಿಲ್ಲ" ಎಂದರು ರಾಹೇಲಕ್ಕ.

"ಮತ್ಯಾರು?"

ರಾಹೇಲಕ್ಕ ನನ್ನ ಕಡೆ ತಿರುಗಿ ಕೈ ಚಾಚಿದರು. "ದಾನ್ಯ, ಆ ಚೀಟಿ ಇಲ್ಲಿ ಕೊಡು."

ಚೀಟಿ ನನ್ನ ಹಾಡಿನ ಪುಸ್ತಕದಲ್ಲೇ ಇತ್ತು. ಸಂಜೆಯ ಕೂಟದಲ್ಲಿ ಸುಡಬೇಕಾಗಿದ್ದ ಚೀಟಿ. ಕೊಟ್ಟರೆ ಯೋನಪ್ಪನವರು ಅಕ್ಷರ ನೋಡುತ್ತಾರೆ, ಮಗಳ ಅಕ್ಷರ ಅಪ್ಪನಿಗೆ ತಿಳಿಯದೇ? ಪಾಪ, ಹಿರಿಯರ ಒತ್ತಾಯಕ್ಕೆ ರಾಹೇಲಕ್ಕ ಸೋತರು ಎಂದುಕೊಂಡೆ. ಹಾಳು ಮಾಡಿದವನು ನಾನೇ, ಉಳಿಸಬೇಕಾದವನೂ ನಾನೇ. ಪುಸ್ತಕದಿಂದ ಚೀಟಿ ತೆಗೆದೆ, ಯೋನಪ್ಪನವರು ಕೈ ನೀಡುವಷ್ಟರಲ್ಲಿ ಬಾಯಿಗೆ ಹಾಕಿಕೊಂಡೆ. ಅಗಿದೆ. ಶಾಯಿ ಕಹಿಯಾಗಿತ್ತು. ನುಂಗಿಬಿಟ್ಟೆ.

ಅಯ್ಯನವರು "ಏ ಏ" ಎಂದು ಎದ್ದು ನಿಂತರು. ಯೋನಪ್ಪನವರು ನನ್ನ ಕೆನ್ನೆಗೆ ಎರಡು ಬಾರಿಸಿದರು. ಹೊಡೆತ ನನಗೆ ನೋಯಲೇ ಇಲ್ಲ, ಅಷ್ಟು ಹೆಮ್ಮೆಯಲ್ಲಿದ್ದೆ. ರಾಹೇಲಕ್ಕ ಚಾಚಿದ ಕೈಯನ್ನು ಹಾಗೆಯೇ ಹಿಡಿದು ನಿಂತಿದ್ದರು. ನಿಧಾನವಾಗಿ ಅದನ್ನು ಕೆಳಗಿಳಿಸಿ, "ಆ ಚೀಟಿ ನಾನು ಬರೆದಿದ್ದು" ಎಂದರು.

ಯಾರೂ ನಂಬಲಿಲ್ಲ. ಒಬ್ಬ ಹಿರಿಯರು ನಕ್ಕೇಬಿಟ್ಟರು. "ನರ್ಸಿಂಗ್ ಓದೋ ವಯಸ್ಸೇನಮ್ಮ ನಿಂದು? ಹುಡುಗೀನ ಉಳಿಸಾಕೆ ದೇವರ ಮನೆಯಾಗೆ ಸುಳ್ಳು ಹೇಳ್ತೀಯಲ್ಲ" ಎಂದರು. "ನಾನೇ ಬರೆದಿದ್ದು" ಎಂದು ರಾಹೇಲಕ್ಕ ಇನ್ನೊಮ್ಮೆ ಹೇಳಿದರು. ಅದಕ್ಕಿಂತ ಹೆಚ್ಚು ಒಂದಕ್ಷರ ಹೇಳಲಿಲ್ಲ. ಮುಂದಿನ ವಾರ ಸಮಿತಿ ಕೂಡಿ, ಸುಳ್ಳು ಹೇಳುವವರ ಕೈಯಲ್ಲಿ ಮಕ್ಕಳನ್ನು ಬಿಡುವಂತಿಲ್ಲ ಎಂದು ತೀರ್ಮಾನಿಸಿತು. ಅಯ್ಯನವರು ಆರಾಧನೆಯಲ್ಲೇ ಅದನ್ನು ಓದಿದರು. ರಾಹೇಲಕ್ಕ ಎದ್ದು ಹೋಗಿ ಕೂಟದ ಬೀರುವಿನ ಕೀಲಿಯನ್ನು ಮೇಜಿನ ಮೇಲಿಟ್ಟು ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ದುರ್ಗಕ್ಕೆ ವರ್ಗವಾಗುವವರೆಗೂ, ಮೂರು ವರ್ಷ, ಪ್ರತಿ ಭಾನುವಾರ ಅದೇ ಬೆಂಚು.

ಕೂಟ ಬೇರೆಯವರ ಕೈಗೆ ಹೋಯಿತು. ಅವರು ಒಂದೊಂದು ಗಂಟೆ ಪ್ರಸಂಗ ಮಾಡುವವರು. ಎರಡು ತಿಂಗಳಲ್ಲಿ ಹನ್ನೊಂದು ಜನ ನಾಲ್ಕಾದೆವು, ಮಳೆಗಾಲಕ್ಕೆ ಬಾಗಿಲಿಗೆ ಬೀಗ ಬಿತ್ತು. ನಾಲ್ಕು ಗಂಟೆಗೆ ರಾಹೇಲಕ್ಕ ಕೊಡೆ ಹಿಡಿದು ಆ ದಾರಿಯಲ್ಲೇ ಹೋಗುತ್ತಿದ್ದರು, ಬೀಗದ ಕಡೆ ನೋಡುತ್ತಿರಲಿಲ್ಲ. ಅವರಿಗೆ ಇದ್ದದ್ದೇ ಆ ಕೂಟ. ಅದು ನಮಗೆಲ್ಲ ಗೊತ್ತಿತ್ತು. ಆದರೂ ಹೋಗಿ ಮಾತಾಡಿಸುವ ಧೈರ್ಯ ನಮ್ಮಲ್ಲಿ ಒಬ್ಬನಿಗೂ ಇರಲಿಲ್ಲ.

ಹನ್ನಳ ಕತೆ ಬೇರೆಯೇ ಆಯಿತು. ಚೀಟಿ ಹುಡುಗಿ ಎಂಬ ಹೆಸರು ದುರ್ಗದಿಂದ ಹೊಳಲ್ಕೆರೆಯವರೆಗೆ ಹರಡಿ, ಯೋನಪ್ಪನವರು ಎಷ್ಟು ತಿರುಗಿದರೂ ಒಂದು ಗಂಡೂ ಒಪ್ಪಲಿಲ್ಲ. ಎರಡು ವರ್ಷ ನೋಡಿ, ಬೇಸತ್ತು, "ಹೋಗು, ಸೂಜಿ ಚುಚ್ಚು ಹೋಗು" ಎಂದು ನರ್ಸಿಂಗಿಗೆ ಕಳಿಸಿದರು. ಅವಳು ಊರೂರು ತಿರುಗಿ ಹೆಡ್ ನರ್ಸಾಗಿ ನಿವೃತ್ತಳಾದಳು. ನನ್ನ ಮೂರ್ಖತನದಿಂದ ಒಂದಾದರೂ ಒಳ್ಳೆಯದಾಯಿತಲ್ಲ ಎಂದು ನಾನು ಎಷ್ಟೋ ವರ್ಷ ಸಮಾಧಾನ ಪಟ್ಟುಕೊಂಡೆ. ರಾಹೇಲಕ್ಕ ನಮಗಾಗಿ ಸುಳ್ಳು ಹೇಳಿದ ಕತೆಯನ್ನು ಬಸ್ಸಿನಲ್ಲಿ, ಡಿಪೋದಲ್ಲಿ, ಬೀಗರ ಮನೆಯಲ್ಲಿ ಕಣ್ಣೀರು ತರಿಸುವ ಹಾಗೆ ಹೇಳಿಕೊಂಡು ಬಂದೆ.

ಒಮ್ಮೆ ಅವರೇ ನನ್ನ ಬಸ್ಸು ಹತ್ತಿದರು. ನಿವೃತ್ತರಾಗಿ ಹೊಳಲ್ಕೆರೆಯಲ್ಲಿ ತಂಗಿಯ ಮನೆಯಲ್ಲಿದ್ದ ಕಾಲ. ನೆತ್ತಿಯ ಗೆರೆ ನರೆಗೂದಲಲ್ಲೂ ಹಾಗೇ ಇತ್ತು. ಟಿಕೆಟ್ ಹರಿದು ಕೊಡುತ್ತಾ, "ಅಕ್ಕ, ಅವತ್ತು ನೀವು ನಮಗೋಸ್ಕರ ಸುಳ್ಳು ಹೇಳಿದ್ರಿ. ಸಾಯೋವರೆಗೂ ಮರೆಯಾಕಿಲ್ಲ" ಎಂದೆ.

ಅವರು ಕಿಟಕಿಯ ಹೊರಗೆ ನೋಡಿದರು. "ನಾನು ಸುಳ್ಳು ಹೇಳಲ್ಲಪ್ಪ" ಎಂದರು.

ದೊಡ್ಡವರ ವಿನಯ ಎಂದುಕೊಂಡು ನಾನು ನಕ್ಕು ಮುಂದಿನ ಸೀಟಿಗೆ ಹೋದೆ.

ಹೋದ ವರ್ಷ ರಾಹೇಲಕ್ಕ ತೀರಿಕೊಂಡರು. ಹೊಳಲ್ಕೆರೆಯಲ್ಲಿ ಮಣ್ಣು ಮಾಡಿ ಬರುವಾಗ ಬಸ್ ನಿಲ್ದಾಣದ ಬೆಂಚಿನಲ್ಲಿ ಹನ್ನ ನನ್ನ ಪಕ್ಕ ಕುಳಿತಳು. ಇಬ್ಬರಿಗೂ ವಯಸ್ಸಾಗಿತ್ತು, ಕ್ಷಮೆ ಕೇಳಲು ಇನ್ನೆಷ್ಟು ಕಾಯುವುದು? "ನಿನ್ನ ಚೀಟೀನ ಬಯಲಿಗೆ ಹಾಕಿಬಿಟ್ಟೆ, ಹನ್ನ. ತಪ್ಪಾತು" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಯಾವ ಚೀಟಿ? ನಾನು ಯಾವ ಚೀಟೀನೂ ಬರೆದಿಲ್ಲ."

"ಮತ್ತೆ ನಾನು ನುಂಗಿದ್ದೇನು?"

"ಬರೀ ಕಾಗದ ನುಂಗಿದ್ದೀಯ ಅಂದ್ಕಂಡಿದ್ದೆ. ನನ್ನ ಮೇಲೆ ಮನಸ್ಸಿತ್ತಲ್ಲ ನಿಂಗೆ, ಮದುವೆ ತಪ್ಪಿಸಾಕೆ ನೀನೇ ಎಲ್ಲಾ ಕಟ್ಟಿ ಹೇಳ್ದೆ ಅಂತ ಇಷ್ಟು ವರ್ಷ ತಿಳ್ಕಂಡಿದ್ದೆ. ಅಪ್ಪನಿಗೂ ಆಣೆ ಮಾಡಿ ಹೇಳ್ದೆ, ನಂಬ್ಲಿಲ್ಲ."

ಚೀಟಿಯಲ್ಲಿದ್ದ ಮಾತುಗಳನ್ನು ಅವಳಿಗೆ ಹೇಳಿದೆ, ಒಂದೂ ಮರೆತಿರಲಿಲ್ಲ. ದುಂಡಗಿನ ಅಕ್ಷರ ಎಂದೂ ಹೇಳಿದೆ. ಅವಳು ಕೇಳುತ್ತಾ ಕೇಳುತ್ತಾ ಕೈಚೀಲವನ್ನು ಎದೆಗೆ ಒತ್ತಿಕೊಂಡಳು.

"ನರ್ಸಿಂಗ್ ವಿಷಯ ನಾನು ಅಪ್ಪನ ಹತ್ರ ಬಿಟ್ಟು ಯಾರ ಹತ್ರಾನೂ ಬಾಯಿ ಬಿಟ್ಟಿರ್ಲಿಲ್ಲ" ಎಂದಳು. "ಗಂಡಿನೋರು ಬರೋಕೆ ಹತ್ತು ದಿನ ಮುಂಚೆ ಅಪ್ಪ ಅಂಚೆ ಕಚೇರಿಯಿಂದ ದುರ್ಗಕ್ಕೆ ಟ್ರಂಕ್ ಕಾಲ್ ಮಾಡಿದ್ರು. ಹುಡುಗಿ ನರ್ಸಿಂಗ್ ಓದ್ತೀನಿ ಅಂತ ಅಳ್ತಾಳೆ, ನೀವು ತಲೆಗೆ ಹಚ್ಕಬ್ಯಾಡ್ರಿ, ಆಚೆ ಭಾನುವಾರ ಬಂದುಬಿಡ್ರಿ ಅಂತ ಹೊರಗೆ ನಿಂತಿದ್ದ ನಂಗೂ ಕೇಳೋ ಹಂಗೆ ಕೂಗಿದ್ರು. ಅಪ್ಪನ್ನ ನನ್ನ ಬಿಟ್ರೆ ನಮ್ಮೂರಾಗೆ ಅದನ್ನ ಕೇಳ್ದೋರು ಇನ್ನೊಬ್ಬರೇ, ಲೈನ್ ಕೊಟ್ಟೋರು."

ಹೊಸದುರ್ಗದ ಬಸ್ಸು ಬಂದು ಹೋಯಿತು. ನಾವಿಬ್ಬರೂ ಏಳಲಿಲ್ಲ.

ಅಂದರೆ ಅವರು ನಿಜವನ್ನೇ ಹೇಳಿದ್ದರು. ಒಂದು ಮೂಟೆ ಕಾಯಿಗೂ ಬಾಯಿ ಬಿಡದಿದ್ದ ರಾಹೇಲಕ್ಕ, ಫೋನಿನಲ್ಲಿ ಕೇಳಿದ ಒಂದೇ ಒಂದು ಮಾತನ್ನು ಹೊರಗೆ ತಂದಿದ್ದರು, ಅದೂ ದೇವರಿಗೆ ಮಾತ್ರ, ಡಬ್ಬಿಯ ಸೀಳಿನೊಳಗೆ. ವೆಸ್ಟ್ರಿಯಲ್ಲಿ ಅವರು ಕೈ ಚಾಚಿದ್ದು ಹನ್ನಳನ್ನು ಒಪ್ಪಿಸಲು ಅಲ್ಲ. ತಮ್ಮ ಅಕ್ಷರ ತೋರಿಸಲು. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದರೆ ಕೆಲಸವೂ ಹೋಗುತ್ತಿತ್ತು, ಅದಕ್ಕೂ ಅವರು ತಯಾರಾಗಿಯೇ ಕೈ ಚಾಚಿದ್ದರು. ನಾನು ಆ ಸಾಕ್ಷಿಯನ್ನು ತಿಂದೆ. ಮೇಲಾಗಿ ನಲವತ್ತು ವರ್ಷಕ್ಕೂ ಮಿಕ್ಕಿ ಊರೂರಲ್ಲಿ ಅವರನ್ನು ಸುಳ್ಳು ಹೇಳಿದವರು ಎಂದು ಹೊಗಳಿದೆ. ಆ ಬಸ್ಸಿನಲ್ಲಿ ಅವರು ಹೇಳಿದಾಗಲಾದರೂ ನನ್ನ ದಪ್ಪ ತಲೆಗೆ ಹೊಳೆಯಬಾರದಿತ್ತೇ? ಬೆಂಚಿನ ಮೇಲೆ ಮುದುಕನಾದ ನಾನು ಬಿಕ್ಕಿ ಬಿಕ್ಕಿ ಅತ್ತೆ.

ಮುಂದಿನ ಭಾನುವಾರ ಹಿರಿಯೂರಿನ ದೇವಾಲಯದಲ್ಲಿ ಅಯ್ಯನವರು, ಇವರು ಹೊಸಬರು, ಚಿಕ್ಕ ವಯಸ್ಸಿನವರು, ಯಾರಾದರೂ ಪ್ರಾರ್ಥಿಸಬಹುದು ಎಂದರು. ನಾನು ಎದ್ದು ನಿಂತೆ. ಹಳಬರಲ್ಲಿ ಉಳಿದವರು ಮೂರು ಜನ, ಅವತ್ತಿಗೆಂದೇ ಬಂದಿದ್ದ ಹನ್ನ ಬೇರೆ. ಹೊಸ ಹುಡುಗರು ಮೊಬೈಲು ಜೇಬಿಗಿಟ್ಟು ಕಣ್ಣು ಮುಚ್ಚಿದರು.

"ಕರ್ತನೇ" ಎಂದೆ, "ಎಪ್ಪತ್ತಾರನೇ ಇಸವಿಯಲ್ಲಿ ಇದೇ ಮನೆಯಲ್ಲಿ ರಾಹೇಲಮ್ಮ ಎಂಬ ನಿನ್ನ ಮಗಳು ನಿಜ ಹೇಳಿದಳು. ನಾವು ಅವಳನ್ನು ಸುಳ್ಳುಗಾರ್ತಿ ಎಂದು ಕೊನೆಯ ಬೆಂಚಿಗೆ ಕಳಿಸಿದೆವು." ಚೀಟಿ, ಡಬ್ಬಿ, ನಾನು ನುಂಗಿದ್ದು, ಎಲ್ಲವನ್ನೂ ಹೇಳಿದೆ. ಈ ಸಲ ಯಾರ ಹೆಸರನ್ನೂ ಮುಚ್ಚಿಡಲಿಲ್ಲ, ನನ್ನದನ್ನಂತೂ ಎರಡು ಸಲ ಹೇಳಿದೆ. ಟ್ರಂಕ್ ಕಾಲಿನ ಮಾತೊಂದನ್ನು ಬಿಟ್ಟೆ. ಅದು ಅವರು ದೇವರಿಗೆ ಮಾತ್ರ ಹೇಳಿದ್ದು.

ಹಿಂದಿನ ಬೆಂಚಿನಿಂದ ಹನ್ನ ಗಟ್ಟಿಯಾಗಿ ಆಮೆನ್ ಎಂದಳು. ಗಡಿಯಾರ ನೋಡಿದೆ. ಮೂರು ನಿಮಿಷಕ್ಕೆ ಮುಗಿಸಿದ್ದೆ.